ಫೋಟೋದ ಹಿನ್ನೆಲೆಯನ್ನಷ್ಟೇ ಮಂಕು ಮಾಡುವುದು: ಗೋಳಗುಮ್ಮಟದ ಬಿಸಿಲಿಂದ ಕುಣಿಮಗ್ಗದ ಗೋಡೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ವಿಜಯಪುರದ ಮಟಮಟ ಮಧ್ಯಾಹ್ನ ಗೋಳಗುಮ್ಮಟದ ಮುಂದೆ ಮದುಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದರೆ, ನೋಡುವವರ ಕಣ್ಣು ಮೊದಲು ಹೋಗುವುದು ಹಿಂದಿನ ಬೆಳ್ಳನೆಯ ಆಕಾಶಕ್ಕೆ. ಇಳಕಲ್‌ನ ಮನೆಯೊಳಗೆ ಕುಣಿಮಗ್ಗದಲ್ಲಿ ಕೂತ ನೇಕಾರರ ಚಿತ್ರದಲ್ಲಿ ಹಿಂದಿನ ಸುಣ್ಣದ ಗೋಡೆ, ಕ್ಯಾಲೆಂಡರ್, ಸ್ವಿಚ್ ಬೋರ್ಡ್ ಎಲ್ಲವೂ ಸೀರೆಯ ಸರಿಸಮ ಬೆಳಗುತ್ತಿರುತ್ತವೆ. ಇಂಥ ಚಿತ್ರದಲ್ಲಿ ಹಿನ್ನೆಲೆಯನ್ನು ಒಂದಿಷ್ಟು ಮಂಕು ಮಾಡಿದರೆ ಸಾಕು, ಮುಖ ಮತ್ತು ಬಟ್ಟೆ ತಾವಾಗಿಯೇ ಮುಂದೆ ಬರುತ್ತವೆ. ಮಂಕು ಮಾಡುವುದು ಎರಡು ನಿಮಿಷದ ಕೆಲಸ. ಮಂಕು ಮಾಡಿದ್ದು ಯಾರಿಗೂ ಗೊತ್ತಾಗದ ಹಾಗೆ ಮಾಡಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಎಲ್ಲೆಲ್ಲಿ ಖರ್ಚಾಗಬೇಕು ಎಂಬುದನ್ನೇ ಇಲ್ಲಿ ಬರೆದಿದೆ.

ಮುಖ್ಯ ವಿವರಣೆ ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶದಲ್ಲಿದೆ, ಏಕೆಂದರೆ ಅದಕ್ಕೆ ಹಣ ಕೊಡಬೇಕಿಲ್ಲ ಮತ್ತು ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತದೆ. 2018ರ 2.10 ಆವೃತ್ತಿಯಲ್ಲೂ 2025ರ 3.0 ಆವೃತ್ತಿಯಲ್ಲೂ ಈ ಹೆಜ್ಜೆಗಳು ನಡೆಯುತ್ತವೆ. ಫೋಟೋಶಾಪ್ ಮತ್ತು ಮೊಬೈಲ್‌ನ ದಾರಿ ಕೊನೆಯ ಭಾಗದಲ್ಲಿದೆ.

ಮೊದಲು ಫೈಲ್ ನೋಡಿ

ವಾಟ್ಸಾಪ್‌ನಲ್ಲಿ ಬಂದ ಫೋಟೋ ಮೇಲೆ ಈ ಕೆಲಸ ಮಾಡಬೇಡಿ. ವಾಟ್ಸಾಪ್ ಫೋಟೋವನ್ನು ಚಿಕ್ಕದು ಮಾಡಿ ಗಟ್ಟಿಯಾಗಿ ಒತ್ತಿ ಕಳಿಸುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಒತ್ತುವುದರಿಂದ, ತಿದ್ದಲು ಹೋದಾಗ ಬಯಲು ಗೋಡೆಯ ಮೇಲೆ ಆ ಚೌಕಗಳು ಹಾಸುಗಲ್ಲಿನಂತೆ ಎದ್ದು ಬರುತ್ತವೆ. ಕ್ಯಾಮೆರಾದ ಮೂಲ ಫೈಲ್ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲೇ ಕಳಿಸಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ, ಆಗ ಫೈಲ್ ಇದ್ದಂತೆಯೇ ಬರುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸಿದ ಚಿತ್ರ) ಇದ್ದರಂತೂ ಇನ್ನೂ ಒಳ್ಳೆಯದು.

ಆಮೇಲೆ ಹಿಸ್ಟೋಗ್ರಾಂ, ಅಂದರೆ ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಎಷ್ಟೆಷ್ಟಿದೆ ಎಂದು ತೋರಿಸುವ ಪಟ, ತೆರೆದು ಬಲತುದಿ ನೋಡಿ. ಆಕಾಶದ ಬೆಲೆ ಕೆಂಪು, ಹಸಿರು, ನೀಲಿ ಮೂರರಲ್ಲೂ ಗರಿಷ್ಠ ಬೆಲೆಯಾದ 255ಕ್ಕೆ ಹೋಗಿ ಅಂಟಿದ್ದರೆ ಅಲ್ಲಿ ಮೋಡವೂ ಇಲ್ಲ, ನೀಲಿಯೂ ಇಲ್ಲ, ಬರೀ ಖಾಲಿ ಬಿಳುಪು. ಅದನ್ನು ಎಷ್ಟು ಇಳಿಸಿದರೂ ಸಿಮೆಂಟ್ ಬಳಿದ ಗೋಡೆಯಂಥ ಬೂದಿ ಬಣ್ಣ ಬರುತ್ತದೆಯೇ ಹೊರತು ಆಕಾಶ ಬರುವುದಿಲ್ಲ. ಅಂಥ ಚಿತ್ರವನ್ನು ತಿದ್ದುತ್ತ ಕೂರುವ ಬದಲು, ಅದೇ ಜಾಗದಲ್ಲಿ ಗುಮ್ಮಟದ ಕಪ್ಪು ಕಲ್ಲಿನ ಗೋಡೆಯೇ ಹಿಂದೆ ಬರುವ ಇನ್ನೊಂದು ಫೋಟೋ ಇದೆಯೇ ಹುಡುಕಿ. ಆ ಗಾಢ ಬೂದು ಕಲ್ಲಿನಲ್ಲಿ ವಿವರ ಉಳಿದಿರುತ್ತದೆ, ಅರ್ಧ ಸ್ಟಾಪ್ (ಇದು ಬೆಳಕಿನ ಅಳತೆ, ಲೆಕ್ಕ ಮುಂದಿದೆ) ಇಳಿಸಿದರೆ ಕೆಲಸ ಮುಗಿಯುತ್ತದೆ.

ಎಷ್ಟು ಇಳಿಸಬೇಕು

ಇದನ್ನು ಮಾಸ್ಕ್‌ಗಿಂತ (ಎಲ್ಲಿ ಮಂಕಾಗಬೇಕು, ಎಲ್ಲಿ ಬೇಡ ಎಂದು ಹೇಳುವ ಕಪ್ಪು-ಬಿಳಿ ಚಿತ್ರ) ಮುಂಚೆಯೇ ತೀರ್ಮಾನಿಸಿ. ಮುಖದ ಮೇಲಿನ ಬೆಳಕು ಎಲ್ಲಿಂದ ಬಂದಿದೆ ನೋಡಿ. ಬಾಗಿಲಿನಿಂದಲೋ ಕಿಟಕಿಯಿಂದಲೋ ಒಂದು ಪಕ್ಕದಿಂದ ಬಿದ್ದು, ಕೆನ್ನೆಯ ಇನ್ನೊಂದು ಬದಿ ನೆರಳಾಗಿದ್ದರೆ ಹಿನ್ನೆಲೆಯನ್ನು ಎರಡು ಸ್ಟಾಪ್‌ವರೆಗೆ ಇಳಿಸಬಹುದು. ಬೆಳಕು ಆ ವ್ಯಕ್ತಿಯ ಮೇಲಷ್ಟೇ ಬಿದ್ದಿದೆ ಎಂದು ಕಣ್ಣು ಒಪ್ಪುತ್ತದೆ. ಮುಖದ ಎರಡೂ ಬದಿ ಸಮನಾಗಿ ಬೆಳಗಿದ ಚಪ್ಪಟೆ ಬೆಳಕಾದರೆ ಒಂದು ಸ್ಟಾಪ್ ದಾಟಬೇಡಿ. ದಾಟಿದರೆ ವ್ಯಕ್ತಿಯನ್ನು ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ, ಮಾಸ್ಕ್ ಎಷ್ಟೇ ಚೊಕ್ಕವಾಗಿದ್ದರೂ ಅಷ್ಟೇ.

ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು. ಪಿಕ್ಸೆಲ್ ಬೆಲೆ ಮಾತ್ರ ಅರ್ಧವಾಗುವುದಿಲ್ಲ. ಸಾಮಾನ್ಯ ಎಸ್‌ಆರ್‌ಜಿಬಿ (ಫೋನ್, ಕಂಪ್ಯೂಟರ್‌ಗಳ ರೂಢಿಯ ಬಣ್ಣದ ಮಾನದಂಡ) ಚಿತ್ರದಲ್ಲಿ ನಡುಬೂದಿಯ ಬೆಲೆ 118, ಒಂದು ಸ್ಟಾಪ್ ಇಳಿದರೆ 85, ಎರಡು ಇಳಿದರೆ 60. ಅಪ್ಪಟ ಬಿಳುಪಿನ 255 ಒಂದು ಸ್ಟಾಪ್‌ಗೆ 188 ಆಗುತ್ತದೆ.

ಈ ಅಂಕಿಗಳಿಂದ ಒಂದು ಉಪಯೋಗದ ಮಾತು ಹೊರಡುತ್ತದೆ. ಕರ್ವ್ಸ್‌ನಲ್ಲಿ (ಒಂದು ಗೆರೆಯನ್ನು ಎಳೆದು ಬೆಳಕನ್ನು ಏರಿಸಿ ಇಳಿಸುವ ಸಾಧನ) ಬಹಳ ಜನ ಗೆರೆಯ ನಡುವನ್ನು ಹಿಡಿದು ಕೆಳಗೆ ಜಗ್ಗುತ್ತಾರೆ. ಹಾಗೆ ಮಾಡಿದರೆ ನಡುಬಣ್ಣಗಳು ಕಪ್ಪಾಗುತ್ತವೆ, ಆದರೆ ಟ್ಯೂಬ್‌ಲೈಟ್, ಕಿಟಕಿ, ಬಿಸಿಲು ಬಿದ್ದ ಗೋಡೆ ಹಾಗೇ ಹೊಳೆಯುತ್ತ ಉಳಿಯುತ್ತವೆ. ಕಣ್ಣು ಸೆಳೆಯುತ್ತಿದ್ದುದೇ ಅವು. ಮೇಲಾಗಿ ಬಣ್ಣವೂ ರಾಚುತ್ತದೆ. ಅದರ ಬದಲು ಗೆರೆಯ ಬಲಮೇಲ್ತುದಿಯನ್ನೇ ಹಿಡಿದು ನೇರ ಕೆಳಗಿಳಿಸಿ. 255 ಇದ್ದದ್ದನ್ನು 219ಕ್ಕೆ ತಂದರೆ ಅರ್ಧ ಸ್ಟಾಪ್, 188ಕ್ಕೆ ಒಂದು, 160ಕ್ಕೆ ಒಂದೂವರೆ, 137ಕ್ಕೆ ಎರಡು. ಗಿಂಪ್‌ನಲ್ಲಿ 16 ಬಿಟ್‌ನಲ್ಲಿ ಕೆಲಸ ಮಾಡುವಾಗ ಈ ಬೆಲೆ ನೂರಕ್ಕೆ ಇಷ್ಟು ಎಂದು ಕಾಣಿಸಿದರೆ ಕ್ರಮವಾಗಿ 86, 74, 63, 54 ಎಂದು ಹಿಡಿಯಿರಿ. ಗೆರೆ ನೇರವಾಗಿಯೇ ಉಳಿಯುವುದರಿಂದ ಕ್ಯಾಮೆರಾದಲ್ಲೇ ಕಡಿಮೆ ಬೆಳಕು ಕೊಟ್ಟ ಹಾಗೆ ಕಾಣುತ್ತದೆ.

ಗಿಂಪ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ

1. ಚಿತ್ರ ತೆರೆದು, ಇಮೇಜ್ ಮೆನುವಿನ ಪ್ರಿಸಿಷನ್‌ನಲ್ಲಿ 16 ಬಿಟ್ ಇಂಟಿಜರ್ ಆರಿಸಿ. 8 ಬಿಟ್‌ನಲ್ಲೇ ಇಳಿಸಿದರೆ ಗೋಡೆಯ ಮೇಲಿನ ನಯವಾದ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ.

2. ಶಿಫ್ಟ್ + ಕಂಟ್ರೋಲ್ + ಡಿ ಒತ್ತಿ ಲೇಯರ್‌ನ (ಒಂದರ ಮೇಲೊಂದು ಕೂರುವ ಚಿತ್ರದ ಪದರ) ನಕಲು ಮಾಡಿ. ಮೇಲಿನ ನಕಲಿಗೆ ‘ಮಂಕು’ ಎಂದು ಹೆಸರಿಡಿ. ಕೆಳಗಿನ ಮೂಲವನ್ನು ಕೊನೆಯವರೆಗೂ ಮುಟ್ಟಬೇಡಿ.

3. ಟೂಲ್‌ಬಾಕ್ಸ್‌ನಿಂದ ಫೋರ್‌ಗ್ರೌಂಡ್ ಸೆಲೆಕ್ಟ್ ತೆಗೆದುಕೊಳ್ಳಿ. ವ್ಯಕ್ತಿಯ ಸುತ್ತ ಸಡಿಲವಾಗಿ ಒಂದು ಗೆರೆ ಎಳೆದು ಎಂಟರ್ ಒತ್ತಿ. ಈಗ ವ್ಯಕ್ತಿಯ ಮೇಲೆ ಬ್ರಷ್ ಆಡಿಸಿ: ಮುಖ, ತೋಳು, ಸೀರೆಯ ಒಡಲು, ಸೆರಗು, ಕೂದಲಿನ ಗಟ್ಟಿ ಭಾಗ. ಎಲ್ಲ ಬಣ್ಣಗಳ ಮೇಲೂ ಒಂದೊಂದು ಸಲ ಬ್ರಷ್ ಹಾಯಬೇಕು, ಪೂರ್ತಿ ತುಂಬಬೇಕಿಲ್ಲ. ಪ್ರಿವ್ಯೂ ಮಾಸ್ಕ್ ಹಾಕಿ ನೋಡಿ, ಬಿಟ್ಟುಹೋದಲ್ಲಿ ಇನ್ನಷ್ಟು ಆಡಿಸಿ, ಸರಿ ಎನಿಸಿದಾಗ ಎಂಟರ್. ದೊಡ್ಡ ಚಿತ್ರದಲ್ಲಿ ಇದು ನಿಧಾನ, ಕಂಪ್ಯೂಟರ್ ನಿಂತುಹೋಯಿತೆಂದು ಮುಚ್ಚಿಬಿಡಬೇಡಿ. ಗೋಡೆಯ ಬಣ್ಣವೂ ಬಟ್ಟೆಯ ಬಣ್ಣವೂ ಒಂದೇ ಆಗಿದ್ದರೆ ಈ ಟೂಲ್ ಗೊಂದಲಕ್ಕೆ ಬೀಳುತ್ತದೆ. ಆಗ ಪಾತ್ಸ್ ಟೂಲ್‌ನಿಂದ ಬಟ್ಟೆಯ ಅಂಚಿಗೆ ಕೈಯಾರೆ ಬಿಂದು ಇಡುತ್ತ ಹೋಗುವುದೇ ಬೇಗ ಮುಗಿಯುವ ದಾರಿ.

4. ಈಗ ಆಯ್ಕೆಯಾಗಿರುವುದು ವ್ಯಕ್ತಿ. ನಮಗೆ ಬೇಕಾದ್ದು ಹಿನ್ನೆಲೆ. ಕಂಟ್ರೋಲ್ + ಐ ಒತ್ತಿ ಆಯ್ಕೆಯನ್ನು ತಿರುವಿ.

5. ‘ಮಂಕು’ ಲೇಯರ್ ಮೇಲೆ ಬಲಕ್ಲಿಕ್ ಮಾಡಿ ಆಡ್ ಲೇಯರ್ ಮಾಸ್ಕ್, ಅದರಲ್ಲಿ ‘ಸೆಲೆಕ್ಷನ್’ ಆರಿಸಿ. ಮಾಸ್ಕ್‌ನಲ್ಲಿ ಹಿನ್ನೆಲೆ ಬೆಳ್ಳಗೆ, ವ್ಯಕ್ತಿ ಕಪ್ಪಗೆ ಕಾಣಬೇಕು. ಬಿಳುಪು ಇದ್ದಲ್ಲಿ ಮಂಕಾಗುತ್ತದೆ, ಕಪ್ಪು ಇದ್ದಲ್ಲಿ ಮೂಲ ಉಳಿಯುತ್ತದೆ. ಆಮೇಲೆ ಶಿಫ್ಟ್ + ಕಂಟ್ರೋಲ್ + ಎ ಒತ್ತಿ ಆಯ್ಕೆ ತೆಗೆದುಬಿಡಿ. ಇದನ್ನು ಮರೆತರೆ ಮುಂದಿನ ಬ್ರಷ್ ಕೆಲಸ ಅರ್ಧ ಕಡೆ ಹತ್ತುವುದೇ ಇಲ್ಲ, ಕಾರಣವೂ ತಿಳಿಯುವುದಿಲ್ಲ.

6. ಲೇಯರ್ ಪಟ್ಟಿಯಲ್ಲಿ ಮಾಸ್ಕ್‌ನ ಚಿತ್ರ ಬಿಟ್ಟು, ಎಡಗಡೆಯ ಫೋಟೋದ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿ. ಹೊಸಬರಿಗೆ ಅತಿ ಹೆಚ್ಚು ತಪ್ಪುವುದು ಇಲ್ಲೇ. ಮಾಸ್ಕ್ ಆಯ್ಕೆಯಾಗಿದ್ದಾಗ ಕರ್ವ್ಸ್ ಹಚ್ಚಿದರೆ ಮಾಸ್ಕ್ ಬೂದಿಯಾಗುತ್ತದೆ, ಹಿನ್ನೆಲೆ ಇದ್ದಂತೆಯೇ ಇರುತ್ತದೆ. ಈಗ ಕಲರ್ಸ್ ಮೆನುವಿನ ಕರ್ವ್ಸ್ ತೆರೆದು ಬಲಮೇಲ್ತುದಿಯನ್ನು ನೀವು ತೀರ್ಮಾನಿಸಿದ ಬೆಲೆಗೆ ಇಳಿಸಿ.

ಚಿತ್ರ ಈಗ ನೋಡಿದರೆ ಒರಟಾಗಿ ಕತ್ತರಿಸಿದಂತಿರುತ್ತದೆ. ನಿಜವಾದ ಕೆಲಸ ಇಲ್ಲಿಂದ.

ಅಂಚು

ಅಂಚು ಎಲ್ಲ ಕಡೆ ಒಂದೇ ಥರ ಇರಬಾರದು. ಹಿನ್ನೆಲೆ ಮಂಕು ಮಾಡಿದ ಹತ್ತು ಫೋಟೋಗಳಲ್ಲಿ ಒಂಬತ್ತು ಕೆಡುವುದು ಇದೊಂದು ಕಾರಣಕ್ಕೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಇಡೀ ಮಾಸ್ಕ್‌ಗೆ ಹತ್ತು ಪಿಕ್ಸೆಲ್ ಫೆದರ್ (ಅಂಚನ್ನು ಮೆತ್ತಗೆ ಮಸುಕು ಮಾಡುವುದು) ಕೊಟ್ಟು ಕೈ ತೊಳೆದುಕೊಂಡರೆ ವ್ಯಕ್ತಿಯ ಸುತ್ತ ದೇವರ ಪಟದಲ್ಲಿರುವಂಥ ಪ್ರಭೆ ನಿಲ್ಲುತ್ತದೆ.

ಅಂಚಿನ ಪಿಕ್ಸೆಲ್‌ಗಳಲ್ಲಿ ವ್ಯಕ್ತಿಯ ಬಣ್ಣವೂ ಹಿನ್ನೆಲೆಯ ಬಣ್ಣವೂ ಕಲಸಿರುತ್ತವೆ. ಕಪ್ಪು ಕೂದಲು, ಹಿಂದೆ ಬಿಳಿ ಆಕಾಶ ಇದೆ ಎನ್ನಿ. ಅಂಚಿನ ಪಿಕ್ಸೆಲ್‌ನಲ್ಲಿ ಆಕಾಶದ ಬಿಳುಪು ಅರ್ಧ ಸೇರಿಕೊಂಡಿದೆ. ಆಕಾಶ ಮಂಕಾಯಿತು, ಈ ಪಿಕ್ಸೆಲ್ ಆಗಲಿಲ್ಲ. ಅದೇ ಬಿಳಿ ಗೆರೆಯಾಗಿ ಉಳಿಯುತ್ತದೆ. ಇದಕ್ಕೆ ಮದ್ದು, ಮಂಕನ್ನು ಕೂದಲಿನೊಳಗೆ ನಾಲ್ಕೈದು ಪಿಕ್ಸೆಲ್ ನುಗ್ಗಿಸುವುದು. ಕಪ್ಪು ಕೂದಲು ಇನ್ನೂ ಕಪ್ಪಾದರೆ ಯಾರಿಗೂ ಕಾಣುವುದಿಲ್ಲ. ಹಿರಿಯರ ಬಿಳಿ ರುಮಾಲು, ಹಿಂದೆ ಕಪ್ಪು ಕಲ್ಲಿನ ಗೋಡೆ ಇದ್ದರೆ ಲೆಕ್ಕ ತಿರುಗುಮುರುಗು. ಅಲ್ಲಿ ಮಂಕು ಒಂದು ಪಿಕ್ಸೆಲ್ ಒಳಗೆ ನುಗ್ಗಿದರೂ ರುಮಾಲಿನ ಅಂಚು ಕೊಳೆಯಾದಂತೆ ಕಾಣುತ್ತದೆ, ಆದ್ದರಿಂದ ಮಂಕು ಗೋಡೆಯ ಕಡೆಗೇ ಒಂದೆರಡು ಪಿಕ್ಸೆಲ್ ಹಿಂದೆ ನಿಲ್ಲಬೇಕು. ಹೀಗಾಗಿ ಅಂಚನ್ನು ಯಾವಾಗಲೂ ಎರಡರಲ್ಲಿ ಹೆಚ್ಚು ಕಪ್ಪಿರುವ ಕಡೆಗೆ ಸರಿಸಿ.

ಸರಿಸುವ ಬಗೆ ಹೀಗೆ. ಮಾಸ್ಕ್ ಮೇಲೆ ಕ್ಲಿಕ್ ಮಾಡಿ, ಫಿಲ್ಟರ್ಸ್‌ನ ಗಾಸಿಯನ್ ಬ್ಲರ್ ಕೊಡಿ: 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋಗೆ 1ರಿಂದ 1.5, 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಚಿತ್ರಕ್ಕೆ 1.5ರಿಂದ 2. ಆಮೇಲೆ ಫ್ರೀ ಸೆಲೆಕ್ಟ್‌ನಿಂದ ಅಂದರೆ ಲ್ಯಾಸೋದಿಂದ ಕೂದಲಿನ ಅಂಚಿನ ಭಾಗವನ್ನಷ್ಟೇ ಸುತ್ತುವರಿದು, ಮಾಸ್ಕ್ ಮೇಲೆಯೇ ಲೆವೆಲ್ಸ್ ತೆರೆಯಿರಿ. ಇನ್‌ಪುಟ್‌ನ ಬಲಗಡೆಯ ಬಿಳಿ ತ್ರಿಕೋನವನ್ನು 255ರಿಂದ 160ರ ಕಡೆಗೆ ತಂದರೆ ಬಿಳುಪು ಹಿಗ್ಗುತ್ತದೆ, ಮಂಕು ಒಳನುಗ್ಗುತ್ತದೆ. ರುಮಾಲಿನ ಭಾಗದಲ್ಲಿ ಎಡಗಡೆಯ ಕಪ್ಪು ತ್ರಿಕೋನವನ್ನು 0ಯಿಂದ 100ರ ಕಡೆಗೆ ತಂದರೆ ಮಂಕು ಹಿಂದೆ ಸರಿಯುತ್ತದೆ. ಬ್ಲರ್ ಎಷ್ಟು ಅಗಲವಿದೆಯೋ ಅಷ್ಟರೊಳಗೆ ಮಾತ್ರ ಅಂಚು ಸರಿಯಬಲ್ಲದು, ಅದಕ್ಕಿಂತ ಹೆಚ್ಚು ಬೇಕಾದರೆ ಬ್ರಷ್ ಹಿಡಿಯಬೇಕು. ಮೆತ್ತನೆ ಅಂಚಿನ ಬ್ರಷ್, ಒಪಾಸಿಟಿ 20ರಿಂದ 30. ಡಿ ಒತ್ತಿದರೆ ಬಣ್ಣಗಳು ಕಪ್ಪು-ಬಿಳಿಗೆ ಬರುತ್ತವೆ, ಎಕ್ಸ್ ಒತ್ತಿದರೆ ಅದಲುಬದಲಾಗುತ್ತವೆ.

ಕ್ಯಾಮೆರಾ ಮುಖದ ಮೇಲೆ ಫೋಕಸ್ ಆಗಿ ಹಿಂದಿನ ಭುಜ ಮಸುಕಾಗಿದ್ದರೆ, ಆ ಭುಜದ ಅಂಚಿನಲ್ಲಿ ಮಾಸ್ಕ್ ಕೂಡ 3ರಿಂದ 6 ಪಿಕ್ಸೆಲ್ ಮಸುಕಾಗಬೇಕು. ಮಸುಕು ಭುಜಕ್ಕೆ ಚೂರಿಯಂಥ ಅಂಚು ಕೊಟ್ಟರೆ ಅಲ್ಲೇ ಗುಟ್ಟು ಬಯಲಾಗುತ್ತದೆ.

ನಮ್ಮ ಭಾಗದ ಫೋಟೋಗಳಲ್ಲಿ ಕಾಡುವ ಜಾಗಗಳು

ಮಲ್ಲಿಗೆ ಮುಡಿದ ಜಡೆ. ಕೂದಲಿಗೆ ಮಂಕು ನುಗ್ಗಿಸುವ ಭರದಲ್ಲಿ ಹೂವಿಗೂ ನುಗ್ಗಿದರೆ ಮಲ್ಲಿಗೆ ಬಾಡಿದಂತೆ ಬೂದಿಯಾಗುತ್ತದೆ. ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ, ಹೂವಿನ ಎಸಳುಗಳ ಮೇಲೆ ಸಣ್ಣ ಬ್ರಷ್‌ನಿಂದ ಮಾಸ್ಕ್‌ಗೆ ಪೂರ್ತಿ ಕಪ್ಪು ಹಚ್ಚಿ.

ಬಾಸಿಂಗದ ಸಂದುಗಳು, ಸೊಂಟಕ್ಕೆ ಕೈಯಿಟ್ಟಾಗ ತೋಳಿನ ಸಂದಿ, ಬಳೆಗಳ ನಡುವೆ ಕಾಣುವ ಗೋಡೆ: ಇಲ್ಲೆಲ್ಲ ಹಿನ್ನೆಲೆಯ ತುಣುಕು ಬೆಳ್ಳಗೆ ಉಳಿದುಬಿಡುತ್ತದೆ. ಇವನ್ನು ಹುಡುಕಲು ಒಂದು ಉಪಾಯವಿದೆ. ಗಿಂಪ್ 3.0ರಲ್ಲಿ ‘ಮಂಕು’ ಲೇಯರ್‌ಗೆ ಹಚ್ಚಿದ ಕರ್ವ್ಸ್ ಅನ್ನು ಮತ್ತೆ ತೆರೆದು ತಾತ್ಕಾಲಿಕವಾಗಿ ಪೂರ್ತಿ ಕಪ್ಪಿಗೆ ಇಳಿಸಿ ನೋಡಿ (2.10ರಲ್ಲಿ ಹಚ್ಚಿದ ಕರ್ವ್ಸ್ ಹೀಗೆ ಮತ್ತೆ ತೆರೆಯುವುದಿಲ್ಲ). ಕಪ್ಪು ಹಿನ್ನೆಲೆಯಲ್ಲಿ ಬಿಟ್ಟುಹೋದ ಪ್ರತಿ ಚುಕ್ಕೆಯೂ ಮಿಣುಕುತ್ತದೆ. ತಿದ್ದಿ ಮುಗಿದ ಮೇಲೆ ಮೊದಲಿನ ಬೆಲೆಗೆ ತನ್ನಿ.

ತೆಳು ಸೆರಗಿನ ಮೂಲಕ ಹಿಂದಿನ ಗೋಡೆ ಕಾಣುತ್ತಿದ್ದರೆ ಆ ಭಾಗ ಮಾಸ್ಕ್‌ನಲ್ಲಿ ಕಪ್ಪೂ ಅಲ್ಲದೆ ಬಿಳಿಯೂ ಅಲ್ಲದೆ ನಡುಬೂದಿಯಾಗಿರಬೇಕು, 40ರಿಂದ 60 ಪ್ರತಿಶತ. ಹಸಿರು ಗಾಜಿನ ಬಳೆಗೂ ಇದೇ ಮಾತು. ಸೆರಗಿನ ಕುಚ್ಚಿನ ಎಳೆಗಳನ್ನು ಕೂದಲಿನಂತೆಯೇ ನೋಡಿಕೊಳ್ಳಿ, ಆದರೆ ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ತೆನಿ ಪಟ್ಟಿಗಳು ಅಂಚಿಗೆ ಬಂದಲ್ಲಿ ಮಲ್ಲಿಗೆಯ ನಿಯಮ ಅನ್ವಯ.

ಕಾಲಿನ ಹತ್ತಿರದ ನೆಲವನ್ನು ಬಹಳ ಜನ ಮರೆಯುತ್ತಾರೆ. ನೆಲವೂ ಹಿನ್ನೆಲೆ ಎಂದು ಪೂರ್ತಿ ಮಂಕು ಮಾಡಿದರೆ ವ್ಯಕ್ತಿ ಗಾಳಿಯಲ್ಲಿ ತೇಲುತ್ತಾನೆ. ಕಾಲಿಗೆ ಬಿದ್ದ ಬೆಳಕು ಪಕ್ಕದ ನೆಲಕ್ಕೂ ಬಿದ್ದಿರಲೇಬೇಕಲ್ಲ. ಮಾಸ್ಕ್ ಮೇಲೆ ಗ್ರೇಡಿಯಂಟ್ ಟೂಲ್ ಹಿಡಿದು, ಬಣ್ಣ ಕಪ್ಪು, ಬಗೆ ‘ಫೋರ್‌ಗ್ರೌಂಡ್ ಟು ಟ್ರಾನ್ಸ್‌ಪರೆಂಟ್’ ಎಂದಿಟ್ಟು, ಪಾದದಿಂದ ಮೊಣಕಾಲಿನ ಎತ್ತರದವರೆಗೆ ಎಳೆಯಿರಿ. ಪಾದದ ಬಳಿ ನೆಲ ಮೂಲದಂತೆಯೇ ಉಳಿದು ಹಿಂದಕ್ಕೆ ಹೋದಂತೆ ನಿಧಾನ ಕಪ್ಪಾಗುತ್ತದೆ, ನೆರಳೂ ತನ್ನ ಜಾಗದಲ್ಲೇ ನಿಲ್ಲುತ್ತದೆ.

ಬಾದಾಮಿಯ ಗುಹೆಗಳ ಮುಂದೆ ತೆಗೆದ ಫೋಟೋದಲ್ಲಿ ತೊಂದರೆ ಬಣ್ಣದ್ದು. ಅಲ್ಲಿನ ಕೆಂಪು ಮರಳುಗಲ್ಲು ಮಂಕಾದಾಗ ಕಣ್ಣಿಗೆ ಇನ್ನೂ ಕೆಂಪಾಗಿ, ರಕ್ತ ಹೆಪ್ಪುಗಟ್ಟಿದಂತೆ ಕಾಣುತ್ತದೆ. ‘ಮಂಕು’ ಲೇಯರ್‌ಗೆ ಹ್ಯೂ-ಸ್ಯಾಚುರೇಶನ್‌ನಲ್ಲಿ ಸ್ಯಾಚುರೇಶನ್ ಅನ್ನು 10ರಿಂದ 20ರಷ್ಟು ಇಳಿಸಿ. ಆ ಕಲ್ಲಿನಿಂದ ಎಗರಿದ ಕೆಂಪು ಬೆಳಕು ಮುಖದ ಬದಿಗೂ ಬಿದ್ದಿರುತ್ತದೆ, ಅದನ್ನು ತೆಗೆಯಬೇಡಿ. ವ್ಯಕ್ತಿ ಅಲ್ಲೇ ನಿಂತಿದ್ದ ಎಂಬುದಕ್ಕೆ ಆ ಕೆಂಪೇ ಸಾಕ್ಷಿ.

ಸೀರೆ, ಖಣ ಮಾರುವವರಿಗೆ ಒಂದು ಎಚ್ಚರಿಕೆ

ಆನ್‌ಲೈನ್‌ನಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವವರು ಹಿನ್ನೆಲೆಯನ್ನು ಅಪ್ಪಟ ಕಪ್ಪು ಮಾಡಲು ಹೋಗುತ್ತಾರೆ. ಸೀರೆ ಥಟ್ಟನೆ ಎದ್ದು ಕಾಣುತ್ತದೆ, ನಿಜ. ಆದರೆ ಕಪ್ಪಿನ ಪಕ್ಕ ಇಟ್ಟ ಯಾವ ಬಣ್ಣವೂ ಇದ್ದದ್ದಕ್ಕಿಂತ ಬೆಳ್ಳಗೆ ಮತ್ತು ಗಾಢವಾಗಿ ಕಾಣುತ್ತದೆ. ಪಾರ್ಸೆಲ್ ಬಿಚ್ಚಿದಾಗ ಗಿರಾಕಿಗೆ ಬಣ್ಣ ಬೇರೆ ಎನಿಸುತ್ತದೆ. ನೇಕಾರರು ದಿನಗಟ್ಟಲೆ ಕೂತು ನೆಯ್ದ ಬಟ್ಟೆ ಅದು, ಫೋಟೋದ ತಪ್ಪಿಗೆ ವಾಪಸ್ ಬರಬಾರದು. ಹಿನ್ನೆಲೆಯನ್ನು 60ರಿಂದ 85ರ ಬೂದಿಯಲ್ಲಿ ನಿಲ್ಲಿಸಿ. ಒಡಲು ಮತ್ತು ದಡಿಯ ಮೇಲೆ ಮಂಕು ಒಂದಿಷ್ಟೂ ಹತ್ತಿಲ್ಲ ಎಂಬುದನ್ನು ಮಾಸ್ಕ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಸಾಧ್ಯವಿದ್ದರೆ ಫೋಟೋ ತೆಗೆಯುವಾಗಲೇ ಅರ್ಧ ಕೆಲಸ ಮುಗಿಸಬಹುದು. ಒಂದು ಬಲ್ಬ್ ಅಥವಾ ಫ್ಲಾಶ್‌ನಿಂದ ವಸ್ತು 1 ಮೀಟರ್ ದೂರ, ಗೋಡೆ 4 ಮೀಟರ್ ದೂರ ಇದ್ದರೆ ಗೋಡೆಗೆ ಬೀಳುವ ಬೆಳಕು ಹದಿನಾರನೇ ಒಂದು ಪಾಲು, ಅಂದರೆ ನಾಲ್ಕು ಸ್ಟಾಪ್ ಕಡಿಮೆ. ಕೋಣೆ ಸಣ್ಣದಾದರೆ ಸುತ್ತಲ ಗೋಡೆಗಳಿಂದ ಎಗರುವ ಬೆಳಕು ಈ ಲೆಕ್ಕವನ್ನು ತುಸು ಕೆಡಿಸುತ್ತದೆ, ಆದರೂ ಗೋಡೆಯಿಂದ ದೂರ ಸರಿದಷ್ಟೂ ಕಂಪ್ಯೂಟರ್ ಮುಂದೆ ಕೂರುವ ಹೊತ್ತು ಕಡಿಮೆ.

ಫೋಟೋಶಾಪ್‌ನಲ್ಲಿ

ಸೆಲೆಕ್ಟ್ ಮೆನುವಿನ ಸಬ್ಜೆಕ್ಟ್ ಒತ್ತಿ, ಆಯ್ಕೆ ತಿರುವಿ, ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಸೇರಿಸಿ. ಮಾಸ್ಕ್ ತಾನಾಗಿಯೇ ಬರುತ್ತದೆ. ಆಲ್ಟ್ ಹಿಡಿದು ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಕಾಣುತ್ತದೆ, ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ಮೂಲದೊಂದಿಗೆ ಹೋಲಿಸಬಹುದು. ಕೂದಲಿಗೆ ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಲ್ಲಿ ರಿಫೈನ್ ಎಡ್ಜ್ ಬ್ರಷ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಬಟ್ಟೆಯ ಅಂಚಿಗೆ ಆಡಿಸಬೇಡಿ, ಅಂಚು ತಿಂದುಹಾಕುತ್ತದೆ.

ಇಲ್ಲಿ ಸಿಗುವ ದೊಡ್ಡ ಅನುಕೂಲವೆಂದರೆ ಗ್ರೂಪ್‌ಗೆ ಮಾಸ್ಕ್ ಹಾಕುವುದು. ಮಾಸ್ಕ್ ಅನ್ನು ಒಂದು ಗ್ರೂಪ್‌ಗೆ ಕೊಟ್ಟು, ಒಳಗೆ ಎರಡು ಕರ್ವ್ಸ್ ಲೇಯರ್ ಇಡಿ. ಒಂದು ಇಡೀ ಹಿನ್ನೆಲೆಗೆ ಅರ್ಧ ಸ್ಟಾಪ್. ಇನ್ನೊಂದಕ್ಕೆ ತನ್ನದೇ ದುಂಡು ಗ್ರೇಡಿಯಂಟ್ ಮಾಸ್ಕ್, ವ್ಯಕ್ತಿಯ ಸುತ್ತ ಏನೂ ಇಲ್ಲದೆ ಮೂಲೆಗಳಿಗೆ ಹೋದಂತೆ ಇನ್ನೊಂದು ಸ್ಟಾಪ್. ವ್ಯಕ್ತಿಗೆ ತಾಗಿದ ಭಾಗದಲ್ಲಿ ವ್ಯತ್ಯಾಸ ಕಡಿಮೆ ಇರುವುದರಿಂದ ಅಂಚಿನ ತಪ್ಪುಗಳು ಅರ್ಧಕ್ಕರ್ಧ ಮರೆಯಾಗುತ್ತವೆ. ಗಿಂಪ್‌ನ 2.10ರಿಂದ ಲೇಯರ್ ಗ್ರೂಪ್‌ಗೂ ಮಾಸ್ಕ್ ಹಾಕಬಹುದು, ಅಲ್ಲೂ ಇದೇ ಜಾಣತನ ನಡೆಯುತ್ತದೆ.

ಮೊಬೈಲ್‌ನಲ್ಲಿ

ಸ್ನ್ಯಾಪ್‌ಸೀಡ್ ಎಂಬ ಆ್ಯಪ್‌ನಲ್ಲಿ ಟ್ಯೂನ್ ಇಮೇಜ್ ತೆರೆದು ಬ್ರೈಟ್‌ನೆಸ್ ಮತ್ತು ಹೈಲೈಟ್ಸ್ ಇಳಿಸಿ ಟಿಕ್ ಒತ್ತಿ. ಆಮೇಲೆ ವ್ಯೂ ಎಡಿಟ್ಸ್‌ಗೆ ಹೋಗಿ, ಅದೇ ಹೆಜ್ಜೆಯ ಮೇಲೆ ಬೆರಳಿಟ್ಟು ಬ್ರಷ್ ಚಿಹ್ನೆ ಆರಿಸಿ. ಈಗ ನೀವು ಬೆರಳು ಆಡಿಸಿದಲ್ಲಿ ಮಾತ್ರ ಮಂಕಾಗುತ್ತದೆ. ದೂರದ ಗೋಡೆಗೆ 100, ವ್ಯಕ್ತಿಯ ಹತ್ತಿರ 50 ಅಥವಾ 25. ತಪ್ಪಿದಲ್ಲಿ 0 ಇಟ್ಟು ಒರೆಸಿ. ಬ್ರಷ್‌ನ ಗಾತ್ರ ಬದಲಿಸಲು ಚಿತ್ರವನ್ನೇ ಹಿಗ್ಗಿಸಬೇಕು, ಹಿಗ್ಗಿಸಿದಷ್ಟೂ ಬ್ರಷ್ ಸಣ್ಣದಾಗುತ್ತದೆ. ಬೆರಳಿನ ಕೆಲಸದಲ್ಲಿ ಒಂದು ಸ್ಟಾಪ್‌ಗಿಂತ ಹೆಚ್ಚು ಇಳಿಸಿದರೆ ಅಂಚು ಕೈಕೊಡುತ್ತದೆ.

ಪ್ರಿಂಟ್‌ಗೆ ಕೊಡುವ ಮುನ್ನ

ಕಾಗದ ತಾನೇ ಬೆಳಗುವುದಿಲ್ಲ, ಹಾಗಾಗಿ ಆಲ್ಬಂನಲ್ಲಿ ಚಿತ್ರ ಪರದೆಗಿಂತ ಕಪ್ಪಾಗಿಯೇ ಬರುತ್ತದೆ. ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟು ಕೆಲಸ ಮಾಡಿದ್ದರೆ ಮೋಸ ಹೋಗುವುದು ಖಂಡಿತ. ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ನೋಡಿ. ಹಿನ್ನೆಲೆಯ ಕಂಬ, ಕೆತ್ತನೆ ಪ್ರಿಂಟ್‌ನಲ್ಲೂ ಕಾಣಬೇಕೆಂದರೆ ಅಲ್ಲಿನ ಪಿಕ್ಸೆಲ್ ಬೆಲೆ 20-25ರ ಕೆಳಗೆ ಹೋಗದಂತೆ ನೋಡಿಕೊಳ್ಳಿ. ಫ್ಲೆಕ್ಸ್‌ಗೆ ಕೊಡುವುದಾದರೆ 40ರ ಮೇಲೆಯೇ ಇರಲಿ, ಅದರಲ್ಲಿ ಕಪ್ಪಿನೊಳಗಿನ ವಿವರ ಉಳಿಯುವುದು ಕಷ್ಟ.

ಬಯಲು ಗೋಡೆಯ ಮೇಲೆ ಇನ್ನೂ ಪಟ್ಟೆ ಪಟ್ಟೆ ಕಂಡರೆ ‘ಮಂಕು’ ಲೇಯರ್‌ಗೆ 1ರಿಂದ 2 ಪ್ರತಿಶತ ನಾಯ್ಸ್ (ಮರಳಿನಂಥ ಸಣ್ಣ ಚುಕ್ಕೆಗಳು) ಸೇರಿಸಿ, ಪಟ್ಟೆ ಕರಗುತ್ತದೆ. ಕೊನೆಗೆ ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ, ಆಮೇಲೆ ಎಡಬಲ ತಿರುವಿ ನೋಡಿ. ಅಂಚಿನ ಪ್ರಭೆ ಚಿಕ್ಕ ಚಿತ್ರದಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ಲೇಯರ್‌ಗಳಿರುವ ಫೈಲ್ ಅನ್ನು ಗಿಂಪ್‌ನಲ್ಲಿ ಎಕ್ಸ್‌ಸಿಎಫ್, ಫೋಟೋಶಾಪ್‌ನಲ್ಲಿ ಪಿಎಸ್‌ಡಿ ಆಗಿ ಉಳಿಸಿಡಿ. ಲ್ಯಾಬ್‌ಗೆ ಎಸ್‌ಆರ್‌ಜಿಬಿ ಜೆಪೆಗ್, ಕ್ವಾಲಿಟಿ 92ರಿಂದ 95. ಮದುವೆ ಆಲ್ಬಂ ಆದರೆ ಎಲ್ಲ ಪುಟ ಒಮ್ಮೆಗೇ ಕೊಡುವ ಮೊದಲು ಒಂದು 4×6 ಪ್ರಿಂಟ್ ತೆಗೆಸಿ, ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಹಿನ್ನೆಲೆ ಜಾಸ್ತಿ ಕಪ್ಪಾಗಿದ್ದರೆ ‘ಮಂಕು’ ಲೇಯರ್‌ನ ಒಪಾಸಿಟಿಯನ್ನು 100ರಿಂದ 80ಕ್ಕೆ ತಂದು ಉಳಿದ ಪುಟಗಳಿಗೂ ಅದೇ ಅಳತೆ ಹಚ್ಚಿ.